ಕಟ್, ಕಟ್, ಕಟ್

ಕಟ್. ಕಟ್. ಕಟ್.

ಲ್ಯಾಪ್‌ಟಾಪಿನ ಹೊಟ್ಟೆಯೊಳಗಿಂದ ಆ ಸದ್ದು ಎದ್ದಾಗ ರಾತ್ರಿ ಹತ್ತೂವರೆ. ತೀರ್ಥಹಳ್ಳಿ ಕಡೆ ಕಾರ್ತಿಕದ ಅಕಾಲ ಮಳೆ ಹೆಂಚಿನ ಮೇಲೆ ಹೊಡೆಯುತ್ತಿತ್ತು. ಕರೆಂಟಿಲ್ಲ. ಅಮ್ಮ ಅಂಗಳದಲ್ಲಿ ಅಡಿಕೆಗೆ ಟಾರ್ಪಾಲು ಎಳೆಯುತ್ತಿದ್ದಳು. ಬ್ಯಾಟರಿ 31 ಪರ್ಸೆಂಟ್. ಹಾರ್ಡ್ ಡಿಸ್ಕ್ ಸಾಯುತ್ತಿತ್ತು.

ಅದರೊಳಗೆ ಅಪ್ಪ ಇದ್ದರು. ತೀರಿಕೊಳ್ಳುವ ಮುಂಚೆ ಆರು ವರ್ಷ ಫೈರ್‌ಫಾಕ್ಸಿನಲ್ಲಿ ಕೂಡಿಟ್ಟ ಬುಕ್‌ಮಾರ್ಕುಗಳು, ಒಂದೊಂದಕ್ಕೂ ಅವರೇ ಕುಟ್ಟಿದ ಹೆಸರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ ಉಬುಂಟು ಹಾಕಿದ ಬೇರೆ ಲ್ಯಾಪ್‌ಟಾಪ್ ತಂದಿದ್ದೆ. ನಾಳೆ ಸಾಗಿಸೋಣ ಎಂದುಕೊಂಡಿದ್ದೆ. ಆ ನಾಳೆ ಈಗಲೇ ಬಂದು ಬಾಗಿಲು ಬಡಿಯುತ್ತಿತ್ತು.

ಫೈರ್‌ಫಾಕ್ಸ್ ಮುಚ್ಚಿದೆ. ತೆರೆದಿಟ್ಟೇ ನಕಲು ಮಾಡಿದರೆ ಕೊನೆಯ ಬದಲಾವಣೆಗಳು ಪಕ್ಕದ ತಾತ್ಕಾಲಿಕ ಫೈಲಿನಲ್ಲೇ ಉಳಿದುಹೋಗಬಹುದು. ಕಿಟಕಿ ಮಾಯವಾಯಿತು, ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಮಾತ್ರ ಅಳಿಯಲೊಲ್ಲದು. ಕಟ್. ಕಟ್. 24 ಪರ್ಸೆಂಟ್. ಉಸಿರು ಬಿಗಿಹಿಡಿದು ಕಾದೆ. ಅಳಿಯಿತು!

ಅಡಗಿಸಿಟ್ಟ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಮೊಝಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್. ಇಡೀ ಫೋಲ್ಡರ್ ಎಳೆದರೆ ಡಿಸ್ಕ್ ನಡುವೆಯೇ ಪ್ರಾಣ ಬಿಟ್ಟೀತು. ಮುಖ್ಯವಾದದ್ದು ಮೊದಲು. ಬುಕ್‌ಮಾರ್ಕು, ಹಿಸ್ಟರಿ ಎರಡೂ ಇರುವ ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್ ಹಿಡಿದು ಪೆನ್‌ಡ್ರೈವಿಗೆ ಬಿಟ್ಟೆ. ಹಸಿರು ಪಟ್ಟಿ ಅರ್ಧಕ್ಕೆ ಹೋಗಿ ನಿಂತಿತು. ಕಟ್, ಕಟ್, ಕಟ್, ಕಟ್. ಮುಟ್ಟಲಿಲ್ಲ ನಾನು, ಮೇಜು ಅಲುಗಿದರೂ ಹೆದರಿಕೆ. ಪಟ್ಟಿ ತುಸು ಜರುಗಿತು. ಮತ್ತೆ ಜರುಗಿತು. ದಾಟಿತು!

ಆಮೇಲೆ ಪಾಸ್‌ವರ್ಡುಗಳಿರುವ ಲಾಗಿನ್ಸ್ ಡಾಟ್ ಜೇಸನ್, ಅದರ ಬೀಗದ ಕೈ ಕೀ4 ಡಾಟ್ ಡಿಬಿ. ಒಂದು ಬಿಟ್ಟು ಒಂದು ತಂದರೆ ಎರಡೂ ದಂಡ. ಕ್ರೋಮ್ ಆಗಿದ್ದರೆ ಪಾಸ್‌ವರ್ಡಿನ ಆಸೆ ಅಲ್ಲಿಗೇ ಬಿಡಬೇಕಿತ್ತು: ವಿಂಡೋಸಿನಲ್ಲಿ ಅದರ ಬೀಗದ ಕೈ ಆ ಯಂತ್ರದ ಬಳಕೆದಾರನ ಖಾತೆಗೇ ಕಟ್ಟಿಬಿದ್ದಿರುತ್ತದೆ, ಫೋಲ್ಡರ್ ಹೊತ್ತು ಲಿನಕ್ಸಿಗೆ ಓಡಿದರೂ ತೆರೆಯದು. ಫೈರ್‌ಫಾಕ್ಸ್ ಬೀಗ, ಕೈ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಈ ಗುಣಕ್ಕೆ ನಾನು ಅದಕ್ಕೆ ಋಣಿ.

ಎರಡೂ ದಾಟಿದವು. ಪೆನ್‌ಡ್ರೈವ್ ಕಿತ್ತು ಅರೆಗಳಿಗೆಯಾಗಿಲ್ಲ, ಪರದೆ ನೀಲಿಯಾಯಿತು. ಹಳೆಯದು ಮತ್ತೆ ಏಳಲಿಲ್ಲ.

ಉಬುಂಟುವಿನಲ್ಲಿ ಕಂಟ್ರೋಲ್ ಎಚ್ ಒತ್ತಿ ಅಡಗಿದ ಮೊಝಿಲ್ಲಾ ಫೋಲ್ಡರ್ ಹುಡುಕಿದೆ. ಇಲ್ಲವೇ ಇಲ್ಲ! ಎದೆ ಧಸಕ್ಕೆಂದಿತು. ಆಗ ಹೊಳೆಯಿತು, ಇಲ್ಲಿಯ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದ್ದು, ಅದರ ಮನೆ ಸ್ನ್ಯಾಪ್ ಫೋಲ್ಡರಿನ ಒಳಗೆ. ವಿಳಾಸಪಟ್ಟಿಯಲ್ಲಿ ಅಬೌಟ್ ಸಪೋರ್ಟ್ ಪುಟ ತೆರೆದರೆ ಪ್ರೊಫೈಲಿನ ಜಾಗ ಅಲ್ಲೇ ಬರೆದಿತ್ತು. ಬ್ರೌಸರ್ ಮುಚ್ಚಿ, ಮೂರೂ ಫೈಲುಗಳನ್ನು ಅಲ್ಲಿದ್ದ ಹೊಸವುಗಳ ಮೇಲೆ ಅಂಟಿಸಿ, ಮತ್ತೆ ತೆರೆದು ಕಂಟ್ರೋಲ್ ಬಿ ಒತ್ತಿದೆ.

ಎಡಬದಿಯಲ್ಲಿ ಸಾಲು ಸಾಲಾಗಿ ಇಳಿದವು. ಬೊರ್ಡೊ ದ್ರಾವಣ. ಕಾಳುಮೆಣಸು ಬಳ್ಳಿ. ಕೊಳೆ ರೊಗ.

ಒದ್ದೆ ಸೆರಗು ಹಿಂಡುತ್ತ ಬಂದ ಅಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ದೀರ್ಘ ಹಾಕ್ತಾನೇ ಇರ್ಲಿಲ್ಲ ಕಣೋ ನಿಮ್ಮಪ್ಪ.”