ಎಡಗಡೆಯ ಗ್ಲಾಸಿನ ಸದ್ದು

ಇದು ಒಂದು ಕಾರಿನ ಕತೆ. ನಮ್ಮಂಥವರ ಪತ್ರಿಕೆಗೆ ಕಾರಿನ ಕತೆ ಯಾಕೆ ಬೇಕು ಎಂದು ಗೆಳೆಯರು ಕೇಳಬಹುದು. ಕಾರು ನಮ್ಮದಲ್ಲ, ನಿಜ. ಅದರ ಸದ್ದು ಹುಡುಕಿದವರು ಮಾತ್ರ ನಾವು, ನಾನು ಮತ್ತು ನಮ್ಮಣ್ಣ. ಹುಡುಕಿದ ಕೂಲಿಯ ಲೆಕ್ಕ ಇನ್ನೂ ಹರಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಗದಗಿನ ಎಪಿಎಂಸಿಯಲ್ಲಿ ಹಮಾಲಿ. ಅಣ್ಣ ಏಳನೇತ್ತಾಗ ಸಾಲಿ ಬಿಟ್ಟು ಪಾನಾ ಹಿಡಿದ. ಆ ಪಾನಾದ ರೊಕ್ಕದಲ್ಲಿ ನಾನು ಬಿ.ಎ. ಮುಗಿಸಿದೆ. ನಮ್ಮ ಮನೆತನಕ್ಕೆ ಅದು ಮೊದಲ ಡಿಗ್ರಿ. ಬೆಟಗೇರಿಯಲ್ಲಿ ರಸ್ತೆ ಬದಿಗೆ ತಗಡಿನ ಶೆಡ್ಡು ಹಾಕಿ ಅಣ್ಣ ಈಗ ಸ್ವಂತ ಗ್ಯಾರೇಜು ನಡೆಸುತ್ತಾನೆ. ಅಲ್ಲಿಗೆ ಮುಂಡರಗಿ ತಾಲೂಕಿನ ಗೌಡರೊಬ್ಬರ ಗಾಡಿ ಬರುತ್ತದೆ. ಜೀಪಿನಂಥದು, ಎರಡೇ ಬಾಗಿಲು. ತಲೆಯ ಮೇಲೆ ತಗಡಿಲ್ಲ. ತಾಡಪತ್ರಿಯಂಥ ದಪ್ಪ ಬಟ್ಟೆಯ ಹುಡ್ ಇದೆ, ಬೇಕೆಂದಾಗ ಹಿಂದಕ್ಕೆ ಮಡಚಬಹುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಸೈನ್ಯಕ್ಕೆಂದು ಮಾಡಿದ ಜೀಪಿನ ವಂಶ ಇಂಥವು. ನಮ್ಮ ದೇಶದಲ್ಲಿ ಅದು ಸರಕಾರಿ ಸಾಹೇಬರ ಗಾಡಿಯಾಯಿತು, ಪೊಲೀಸರ ಗಾಡಿಯಾಯಿತು, ಆಮೇಲೆ ಗೌಡರ ಗಾಡಿಯಾಯಿತು. ಕೇರಿಗೆ ಜೀಪು ಬಂತೆಂದರೆ ಮಕ್ಕಳು ಮನೆಯೊಳಗೆ ಓಡುತ್ತಿದ್ದವು ಎಂದು ಅವ್ವ ಈಗಲೂ ಹೇಳುತ್ತಾಳೆ.

ಈ ಗಾಡಿಯ ಎಡ ಬಾಗಿಲಿನ ಗ್ಲಾಸಿನ ಮಶೀನನ್ನು ಅಣ್ಣ ಬದಲಿಸಿದ್ದ. ಗುಂಡಿ ಒತ್ತಿದರೆ ಗ್ಲಾಸನ್ನು ಮೇಲೆ ಕೆಳಗೆ ಮಾಡುವ ಸಾಮಾನಿಗೆ ಗ್ಯಾರೇಜಿನಲ್ಲಿ ಮಶೀನು ಎನ್ನುತ್ತಾರೆ. ಲೇಬರ್ 2,600 ರೂಪಾಯಿ ಬಾಕಿ ಉಳಿದಿತ್ತು. 2025ರ ಫೆಬ್ರುವರಿಯಲ್ಲಿ ಗೌಡರು ಬಂದರು.

"ಲೇ, ನೀ ಮಶೀನು ಹಾಕಿದಾಗಿಂದ ಗ್ಲಾಸು ಸೌಂಡ್ ಮಾಡಾಕತ್ತೈತಿ. ಸೌಂಡ್ ಹೋಗೂತನಕ ರೊಕ್ಕ ಇಲ್ಲ."

"ಎಂಥಾ ಸದ್ದ್ರೀ ಗೌಡ್ರ? ಲೊಟಲೊಟ ಅಂತೈತೋ, ಕಟಕಟ ಅಂತೈತೋ?"

"ಸೌಂಡ್ ಅಂದ್ರ ಸೌಂಡ್."

ಅಣ್ಣನಿಗೆ ಅಷ್ಟು ಸಾಲದು. ಅವನ ಕಿವಿಯಲ್ಲಿ ಒಂದು ಶಬ್ದಕೋಶವೇ ಇದೆ. ಲೊಟಲೊಟ ಅಂದರೆ ಗ್ಲಾಸು ಚಾನೆಲ್ಲಿನಲ್ಲಿ ಸಡಿಲಾಗಿದೆ, ಒಳಗಿನ ಬೀಡಿಂಗ್ ಸವೆದಿದೆ. ಕಟಕಟ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ. ಟಿಕಿಟಿಕಿ ಅಂದರೆ ಗಾಜಿನ ಅಂಚು ಯಾವುದೋ ಗಟ್ಟಿ ವಸ್ತುವಿಗೆ ತಾಕುತ್ತಿದೆ. ಗಿಲಿಗಿಲಿ ಅಂದರೆ ನಟ್ಟೊಂದು ಕಳಚಿ ಬಾಗಿಲಿನ ಹೊಟ್ಟೆಯೊಳಗೆ ಬಿದ್ದಿದೆ. ಕಿರ್ರ್ ಅಂದರೆ ರಬ್ಬರು ಒಣಗಿದೆ. ಇವನ್ನೆಲ್ಲ ಕಾಲೇಜಿನಲ್ಲಿ ಅನುಕರಣಾವ್ಯಯ ಎಂಬ ಹೆಸರಿನಡಿ ನಾನು ಉರುಹಚ್ಚಿದ್ದೆ, ಎರಡು ಅಂಕಕ್ಕೆ. ಪಂಪ ಕ್ರಿ.ಶ. 941ರ ಸುಮಾರಿಗೆ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆ ಎಂದ. ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರ, ಬೆಟಗೇರಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ತಿರುಳು ಈಗ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಅಣ್ಣನ ತಗಡಿನ ಶೆಡ್ಡು ತೋರಿಸುತ್ತೇನೆ.

ಅಣ್ಣ ಅವತ್ತೇ ಗದಗಿನ ಸ್ಟೇಶನ್ ತನಕ ಟ್ರಯಲ್ ಹೊಡೆದ. ಸದ್ದಿಲ್ಲ. ಮರುದಿನ ಮತ್ತೆ ಹೊಡೆದ. ಇಲ್ಲ. "ನಿನ್ನ ಮುಂದ ಬರಂಗಿಲ್ಲ ಅದು" ಎಂದರು ಗೌಡರು. ಗೆಳೆಯರೇ, ಈ ಜಾತಿಯ ಸದ್ದು ನಮಗೆ ಹೊಸದಲ್ಲ. ಚಾದಂಗಡಿಯಲ್ಲಿ ನಮಗೆಂದೇ ಇಟ್ಟ ಕಪ್ಪು ಸಾಹೇಬರು ಬಂದ ದಿನ ಕಾಣೆಯಾಗಿರುತ್ತದೆ. ಪಂಚನಾಮೆಯಲ್ಲಿ ಏನೂ ಕಂಡುಬರಲಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಅಣ್ಣ ಹಾಗೆ ಬರೆಯಲಿಲ್ಲ. ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ, ಗಾಡಿಯಲ್ಲಿ ಯಾರ‍್ಯಾರು ಇದ್ದಾಗ ಬರುತ್ತದೆ ಎಂದು ಕೇಳುತ್ತ ಹೋದ. ಬಹಳ ಕೇಳಿದ ಮೇಲೆ ಗೌಡರಿಗೆ ನೆನಪಾಯಿತು: ಲಕ್ಷ್ಮೇಶ್ವರದ ರಸ್ತೆಯಲ್ಲಿ, ಹುಡ್ ಮಡಚಿದಾಗ, ಹಿಂದೆ ಮಂದಿ ಕೂತಾಗ.

"ತಮ್ಮಾ, ನೀ ಹಿಂದ ಕುಂದರು. ನನಗ ಅಲ್ಲೊಂದು ಕಿವಿ ಬೇಕು" ಎಂದ ಅಣ್ಣ. ಅತಿಥಿ ಶಿಕ್ಷಕರ ಹುದ್ದೆಗೆ ಅರ್ಜಿ ಕೊಟ್ಟು ಆಗಷ್ಟೇ ಬಂದಿದ್ದೆ. ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ. ಗೌಡರು ಎರಡು ಗೋಣಿತಟ್ಟು ತೆಗೆದು, ಒಂದನ್ನು ಮುಂದಿನ ಎಡ ಸೀಟಿಗೆ, ಇನ್ನೊಂದನ್ನು ಹಿಂದಿನ ಸೀಟಿಗೆ ಹಾಸಿದರು. "ಗ್ರೀಸು ಹತ್ತೀತು" ಎಂದರು. ಮುಂದಿನ ತಟ್ಟು ಗ್ರೀಸಿಗೆ. ಹಿಂದಿನ ತಟ್ಟು ಯಾತಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. 2,600 ರೂಪಾಯಿ ಬಾಕಿ ಇತ್ತು. ಕೂತೆ.

ಗೌಡರೇ ಗಾಡಿ ಹೊಡೆದರು. ನಾನು ನೋಟುಬುಕ್ಕು ತೆಗೆದೆ. ಕವಿತೆ ಬರೆಯುವ ನೋಟುಬುಕ್ಕು ಅದು, ಹಿಂದಿನ ಹಾಳೆಗಳು ಖಾಲಿ ಇದ್ದವು. ಮುಳಗುಂದ ದಾಟಿ ಎರೆಹೊಲದ ನಡುವಿನ ರಸ್ತೆಗೆ ಬಂದಾಗ, ಸ್ಪೀಡು ನಲವತ್ತು, ಗ್ಲಾಸು ಅರ್ಧ ಇಳಿದಿತ್ತು. ಬಂತು. ಟಿಕಿಟಿಕಿ, ಟಿಕಿಟಿಕಿ. ಅಣ್ಣ ಗ್ಲಾಸಿಗೆ ಅಂಗೈ ಒತ್ತಿದ. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಗ್ಲಾಸು ಪೂರ್ತಿ ಏರಿಸಿದ, ನಿಂತಿತು. ಪೂರ್ತಿ ಇಳಿಸಿದ, ಆಗಲೂ ನಿಂತಿತು. ಅರ್ಧಕ್ಕೆ ತಂದ, ಮತ್ತೆ ಬಂತು. ಲಕ್ಷ್ಮೇಶ್ವರದಲ್ಲಿ ಹುಡ್ ಏರಿಸಿ ಬಿಗಿದು ಅದೇ ರಸ್ತೆಯಲ್ಲಿ ಎರಡು ಮೈಲು ಹಿಂದಕ್ಕೆ ಹೋದೆವು. ಗ್ಲಾಸು ಅರ್ಧಕ್ಕೇ ಇದ್ದರೂ ಸದ್ದಿಲ್ಲ. ಹುಡ್ ಮಡಚಿ ಶಿರಹಟ್ಟಿಯ ದಾರಿ ಹಿಡಿದೆವು. ನಾನು ಹಿಂದೆ ಎಡದಿಂದ ಬಲಕ್ಕೆ ಸರಿದು ಕೂತರೆ ಸದ್ದು ಕಮ್ಮಿ. ಅಲ್ಲಿಂದ ಮುಂಡರಗಿ ಕಡೆ, ಕಪ್ಪತಗುಡ್ಡದ ಅಂಚಿನ ಮಸಾರಿ ನೆಲ. ಹೊಂಡ ಬಿದ್ದ ರಸ್ತೆಯಲ್ಲಿ ಗಾಡಿ ಧಡಲ್ ಧಡಲ್ ಎಂದು ಹಾರಿತು. ಟಿಕಿಟಿಕಿ ಮಾತ್ರ ಇಲ್ಲವೇ ಇಲ್ಲ.

ಗೌಡರಿಗೆ ಸಿಟ್ಟು. "ಹೊಂಡದಾಗ ಬರಂಗಿಲ್ಲ, ಸಪಾಟ ರಸ್ತೆದಾಗ ಬರ್ತೈತಿ. ದೆವ್ವ ಹೊಕ್ಕೈತೇನು ಇದಕ್ಕ?"

ಅಣ್ಣ ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆದ. ಒಳಗಿನ ಡಬ್ಬಿಯನ್ನು ಹೊರಗೆಳೆದು ಎರಡೂ ತುದಿ ಹಿಡಿದು ಎದುರುಬದುರು ತಿರುವಿದ. ಸೊಟ್ಟಾಯಿತು. ಮತ್ತೆ ಹೊರಗಿನ ಕವಚದೊಳಗೆ ತೂರಿಸಿ ತಿರುವಿದ. ಜಗ್ಗಲಿಲ್ಲ. "ಮ್ಯಾಲೆ ತಗಡಿದ್ದ ಗಾಡಿ ಹಿಂಗ್ರೀ. ಮ್ಯಾಲೆ ಇಲ್ಲದ್ದು ಹಂಗ."

ವಿಷಯ ಇಷ್ಟೇ. ಚಾವಣಿಯ ತಗಡು ಬರೀ ನೆರಳಿಗಲ್ಲ, ಗಾಡಿಯ ಮೈಯನ್ನು ಬಿಗಿಹಿಡಿಯುವುದರಲ್ಲಿ ಅದರದೂ ಪಾಲಿದೆ. ಅದಿಲ್ಲದ ಗಾಡಿಗೆ ತಳವನ್ನು ಎಷ್ಟು ಗಟ್ಟಿ ಮಾಡಿದರೂ ಮೈ ಒಂದಿಷ್ಟು ತಿರುಚುತ್ತದೆ. ಹೊಂಡದಲ್ಲಿ ಗಾಡಿ ಒಮ್ಮೆ ಜಿಗಿದು ಕೂರುತ್ತದೆ. ಎರೆಮಣ್ಣಿನ ರಸ್ತೆಯ ರೀತಿ ಬೇರೆ. ಆ ಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಕಣ್ಣಿಗೆ ಸಪಾಟು ಕಂಡರೂ ಉದ್ದುದ್ದ ಅಲೆಯಾಗಿರುತ್ತದೆ. ಎಡಗಾಲಿ ಏರಿದಾಗ ಬಲಗಾಲಿ ಇಳಿಯುತ್ತದೆ. ಮೈ ತಿರುಚುತ್ತದೆ, ಮತ್ತೆ ತಿರುಚುತ್ತದೆ.

ಮೂರನೆಯ ದಿನ ಬಾಗಿಲಿನ ಪ್ಯಾಡು ಬಿಚ್ಚಿದೆವು. ಮಶೀನಿನ ಬೋಲ್ಟು ಬಿಗಿದ ಮೇಲೆ ಅದರ ತಲೆಯಿಂದ ತಗಡಿನ ತನಕ ಹಳದಿ ಬಣ್ಣದ ಗೆರೆ ಎಳೆಯುವುದು ಅಣ್ಣನ ರೂಢಿ. ಬೋಲ್ಟು ತಿರುಗಿದರೆ ಗೆರೆ ತುಂಡಾಗುತ್ತದೆ. ನಾಲ್ಕೂ ಗೆರೆ ನೆಟ್ಟಗೇ ಇದ್ದವು. ಗೌಡರನ್ನು ಕರೆದು ತೋರಿಸಿದ. ಅವರು ನೋಡಿದರು, ಮಾತಾಡಲಿಲ್ಲ.

ಹಾಗಾದರೆ ಸದ್ದು ಎಲ್ಲಿಯದು? ಕಬ್ಬಿಣದಲ್ಲಿ ಸದ್ದು ಹರಿದಾಡುತ್ತದೆ, ಹುಟ್ಟಿದಲ್ಲೇ ಕೇಳಿಸಬೇಕೆಂದಿಲ್ಲ. ನಾನು ಗಾಡಿಯ ಹಿಂದಿನ ಎಡ ಮೂಲೆಯನ್ನು ಒತ್ತಿ ಬಿಡುತ್ತಿದ್ದೆ. ಅಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ, ಹಿಡಿಕೆಯನ್ನು ಕಿವಿಗೆ ಹಚ್ಚಿ ಡಾಕ್ಟರರ ಹಾಗೆ ಒಂದೊಂದೇ ಜಾಗ ಕೇಳುತ್ತ ಹೋದ. ಬಿಜಾಗರಿ, ಲಾಕು, ಚಾನೆಲ್ಲು. ಮುಂದಿನ ದೊಡ್ಡ ಗ್ಲಾಸಿನ ಚೌಕಟ್ಟಿನ ಎಡ ಕಂಬದ ಬುಡಕ್ಕೆ ಬಂದವನು ಅಲ್ಲೇ ನಿಂತ. "ಒತ್ತು." ಒತ್ತಿದೆ. "ಇನ್ನೊಮ್ಮೆ."

ರಬ್ಬರು ಸರಿಸಿ ನೋಡಿದರೆ ಅಲ್ಲೊಂದು ಕಬ್ಬಿಣದ ಪಟ್ಟಿ. 2024ರ ಲೋಕಸಭಾ ಚುನಾವಣೆಯ ಮೆರವಣಿಗೆಗೆ ಗೌಡರು ಬೇರೆ ಊರಿನಲ್ಲಿ ಮೈಕಿನ ಕಂಬ ಕೂಡಿಸಿದ್ದರು. ಕಂಬ ತೆಗೆದರೂ ಪಟ್ಟಿ ಉಳಿದಿತ್ತು. ಅದನ್ನು ಕೂಡಿಸಲು ಚೌಕಟ್ಟಿನ ಮೂಲ ಬೋಲ್ಟು ತೆಗೆದು ಗಿಡ್ಡ ಬೋಲ್ಟು ಹಾಕಿದ್ದರು. ಅದರ ಹಿಡಿತ ಸಾಲದೆ ಕಂಬ ಒಂದು ಹಾಳೆಯ ದಪ್ಪದಷ್ಟು ಅಲುಗುತ್ತಿತ್ತು. ಅದಕ್ಕೆ ಒತ್ತಿ ನಿಂತ ಬಾಗಿಲಿನ ಚಾನೆಲ್ಲೂ ಅಲುಗಿ, ಅರ್ಧಕ್ಕೆ ನಿಂತ ಗ್ಲಾಸಿನ ಅಂಚಿಗೆ ತಾಕುತ್ತಿತ್ತು. ಹುಡ್ ಏರಿಸಿದರೆ ಅದರ ಕೊಂಡಿಗಳು ಚೌಕಟ್ಟನ್ನು ಮೇಲಿನಿಂದ ಬಿಗಿಹಿಡಿದು ಸದ್ದು ಅಡಗಿಸುತ್ತಿದ್ದವು.

"ಮೈಕಿಂದು ಹೇಳಲೇ ಇಲ್ಲಲ್ರೀ" ಎಂದ ಅಣ್ಣ.

"ನೀ ಕೇಳಲಿಲ್ಲಲ್ಲೋ."

ಪಟ್ಟಿ ಕಿತ್ತು, ಸರಿಯಾದ ಬೋಲ್ಟು, ರಬ್ಬರ್ ವಾಶರ್, ಹೊಸ ಬೀಡಿಂಗ್ ಹಾಕಿ ಮುಳಗುಂದದ ರಸ್ತೆಗೆ ಮತ್ತೆ ಟ್ರಯಲ್ ಹೋದೆವು. ಹುಡ್ ಮಡಚಿತ್ತು, ಗ್ಲಾಸು ಅರ್ಧ, ನಾನು ಹಿಂದೆ ಎಡಕ್ಕೆ, ತಟ್ಟಿನ ಮೇಲೆ. ಗಾಳಿಯ ಸದ್ದು ಬಿಟ್ಟರೆ ಏನಿಲ್ಲ.

ಬಿಲ್ಲು ನಾನು ಬರೆದೆ. ಮಶೀನು ಕೂಡಿಸಿದ ಹಳೆ ಬಾಕಿ 2,600. ಬೋಲ್ಟು, ವಾಶರ್, ಬೀಡಿಂಗ್ 340. ಸದ್ದು ಹುಡುಕಿದ್ದು, ಇಬ್ಬರು, ಮೂರು ದಿನ, 3,000.

"ಹುಡುಕಿದ್ದಕ್ಕ ಎಂಥಾ ರೊಕ್ಕಲೇ? ಬಿಗಿದದ್ದು ಒಂದು ಬೋಲ್ಟು."

ಇಂಥ ಹೊತ್ತಿನಲ್ಲಿ ಅಣ್ಣ "ಇರ್ಲಿ ಬಿಡ್ರಿ ಗೌಡ್ರ" ಅನ್ನುವವನು. ಅವತ್ತು ಅನ್ನಲಿಲ್ಲ. "ನನ್ನದು ಬಿಡ್ರಿ. ನನ್ನ ತಮ್ಮ ಮೂರು ದಿನ ಕುಂತು ಕೇಳ್ಯಾನ. ಅವಂದೂ ದುಡಿಮಿನ" ಎಂದ.

ಗೌಡರು ಅಂಗಿಯ ಕಿಸೆಯಿಂದ ಪೆನ್ನು ತೆಗೆದು ಮೂರನೆಯ ಸಾಲಿನ ಮೇಲೆ ಗೆರೆ ಎಳೆದರು. 2,940 ಎಣಿಸಿ ಕೊಟ್ಟು ಹೋದರು. ಅಣ್ಣ ಬಿಲ್ಲನ್ನು ಶೆಡ್ಡಿನ ಮೊಳೆಗೆ ಚುಚ್ಚಿದ. ಸಂಜೆ ಬಾಗಿಲು ಹಾಕುವ ಮುಂದೆ ನೋಡಿದೆ. ನೀಲಿ ಗೆರೆಯ ಪಕ್ಕದಲ್ಲಿ ಹಳದಿ ಬಣ್ಣದಿಂದ, ತನ್ನ ಏಳನೇತ್ತೆಯ ಅಕ್ಷರದಲ್ಲಿ, ಅಣ್ಣ ಬರೆದಿದ್ದ: ಬಾಕಿ 3,000.