ಎರಡು ಹೊಳೆಗಳ ನಡುವಿನ ಪಾನಕ

ಕೃಷ್ಣೆ ಮತ್ತು ಘಟಪ್ರಭೆಗಳ ನಡುವೆ ಕರಿಮಣ್ಣಿನ ಬಯಲು ನಾಡೊಂದುಂಟು. ಅದರ ಉತ್ತರದ ಅಂಚಿನಲ್ಲಿ, ಕೃಷ್ಣೆಗೆ ಸಮೀಪವಾಗಿ ಜಮಖಂಡಿ; ಜಮಖಂಡಿಗೆ ಪಡುವಣದಲ್ಲಿ ಮಗ್ಗಗಳ ಅವಳಿ ಊರಾದ ರಬಕವಿ-ಬನಹಟ್ಟಿ; ತೆಂಕಣದಲ್ಲಿ ಘಟಪ್ರಭೆಯ ದಡದ ಮುಧೋಳ; ಮೂಡಣದಲ್ಲಿ, ಆ ಎರಡು ಹೊಳೆಗಳು ಕೂಡುವ ಚಿಕ್ಕಸಂಗಮದ ಕಡೆಗೆ ಬೀಳಗಿ. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಕನ್ನಡ ರಾಜ್ಯದೊಳಗೆ ಬಂದು, 1997ರಿಂದ ಬಾಗಲಕೋಟೆ ಜಿಲ್ಲೆಯ ಭಾಗಗಳಾಗಿವೆ.

ಪ್ರವಾಸಿಯು ಇಲ್ಲಿಗೆ ಬಂದರೆ ಸಾಮಾನ್ಯವಾಗಿ ನೋಡುವುದು ಜಮಖಂಡಿಯ ರಾಮತೀರ್ಥದ ಅರಮನೆಯನ್ನು, ಕೇಳುವುದು ಮುಧೋಳದ ಬೇಟೆನಾಯಿಯ ಕಥೆಯನ್ನು. ಸಾಹಿತ್ಯಪ್ರಿಯರಾದರೆ ಹತ್ತನೆಯ ಶತಮಾನದಲ್ಲಿ ಇದೇ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನನ್ನು ನೆನೆಯುತ್ತಾರೆ. ಕೊಳದ ನೀರಿನೊಳಗೆ ಅಡಗಿದ್ದ ದುರ್ಯೋಧನನಿಗೂ ಬೆವರು ಹನಿಸಿದ ಕವಿ ಅವನು. ಚೈತ್ರ ವೈಶಾಖಗಳಲ್ಲಿ ಈ ಊರಿನ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ಆ ಕಲ್ಪನೆ ಎಲ್ಲಿಂದ ಬಂದಿರಬಹುದೆಂಬ ಬಗ್ಗೆ ಹೆಚ್ಚು ಚರ್ಚೆ ಬೇಕಾಗುವುದಿಲ್ಲ! ವರ್ಷದ ಮಳೆ ಸರಾಸರಿ ಆರುನೂರು ಮಿಲಿಮೀಟರನ್ನೂ ಮುಟ್ಟದ ನಾಡು ಇದು. ಬೇಸಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ತಲುಪುತ್ತದೆ. ಇಂಥ ಕಡೆ ಒಂದು ಲೋಟ ತಂಪು ಪಾನೀಯವೆಂದರೇನು, ಅದು ಎಲ್ಲಿಂದ ಬರುತ್ತದೆ, ಅದಕ್ಕೆ ಯಾರು ಬೆಲೆ ತೆತ್ತಿದ್ದಾರೆ ಎಂಬುದನ್ನು ವಿಚಾರಿಸುತ್ತ ಈ ನಾಲ್ಕು ಊರುಗಳನ್ನು ಸುತ್ತುವುದು ಅರಮನೆಯನ್ನು ನೋಡುವುದಕ್ಕಿಂತ ಕಡಿಮೆ ಸ್ವಾರಸ್ಯದ ಕೆಲಸವೇನೂ ಅಲ್ಲ.

ಬೆಲ್ಲ-ನೀರಿನ ಉಪಚಾರ

ಈ ಸೀಮೆಯ ಹಳ್ಳಿಯ ಮನೆಗೆ ಮಧ್ಯಾಹ್ನ ಕಾಲಿಟ್ಟರೆ ಮೊದಲು ಕೇಳಿಬರುವ ಮಾತು ಇದು: “ಬರ್ರಿ, ಬಿಸಲಾಗ ಬಂದೀರಿ. ಮೊದಲ ಬೆಲ್ಲಾ ತಿಂದು ನೀರ ಕುಡೀರಿ.” ಹಿಂದೆಯೇ ಒಂದು ತಾಟಿನಲ್ಲಿ ಬೆಲ್ಲದ ಚೂರು, ತಂಬಿಗೆಯಲ್ಲಿ ಕೊಡದ ನೀರು ಬರುತ್ತದೆ. ಬಂದವರು ಯಾರು, ಯಾವ ಕೆಲಸಕ್ಕೆ ಬಂದರು ಎಂಬ ವಿಚಾರವೆಲ್ಲ ಆಮೇಲೆ. ಚಹಾ ಈಗ ಎಲ್ಲ ಮನೆಗಳನ್ನೂ ಹೊಕ್ಕಿದೆಯಾದರೂ, ಹಿರಿಯರಿರುವ ಮನೆಗಳಲ್ಲಿ ಬೆಲ್ಲ-ನೀರಿನ ಮರ್ಯಾದೆ ತಪ್ಪಿಲ್ಲ.

ಬೆಲ್ಲವನ್ನೂ ನೀರನ್ನೂ ಬೇರೆ ಬೇರೆ ಕೊಟ್ಟರೆ ಅದು ಉಪಚಾರ. ಕಲಸಿ, ಏಲಕ್ಕಿ ಶುಂಠಿ ಹಾಕಿ, ನಿಂಬೆ ಹಿಂಡಿದರೆ ರಾಮನವಮಿಯ ಪಾನಕ. ಅದಕ್ಕೆ ಹಣ್ಣಿನ ರಸ ಸೇರಿದರೆ ಫಲಪಾನಕ. ಇಂದು ದೊಡ್ಡ ನಗರಗಳ ಹೋಟೆಲುಗಳಲ್ಲಿ, ಮದ್ಯ ಬೆರೆಸದ ಹಣ್ಣಿನ ಮಿಶ್ರಪಾನೀಯವನ್ನು ಎತ್ತರದ ಗಾಜಿನ ಲೋಟದಲ್ಲಿ ತುಂಬಿ, ಅಂಚಿಗೊಂದು ನಿಂಬೆಯ ಬಿಲ್ಲೆಯನ್ನು ಸಿಕ್ಕಿಸಿ, ‘ಮಾಕ್‌ಟೇಲ್’ ಎಂಬ ಹೆಸರಿನಿಂದ ಮಾರುತ್ತಾರಲ್ಲವೆ? ಅದರ ಹಿರಿಯಕ್ಕ ನಮ್ಮ ಫಲಪಾನಕ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನೂ ಒಳಗೊಂಡು ಆಳುತ್ತಿದ್ದ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಹಣ್ಣಿನ ಪಾನಕಗಳನ್ನು ಅರಸನ ಭೋಗಗಳ ಸಾಲಿಗೆ ಸೇರಿಸಿದ್ದಾನೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿಯೂ ಪಾನಕಗಳ ಪ್ರಕರಣವಿದೆ. ಆದರೆ ಅರಸನ ಭೋಗವೊಂದು ನೇಕಾರನ ಮನೆಯ, ಒಕ್ಕಲಿಗನ ಮನೆಯ ಮಕ್ಕಳ ಕೈಗೆ ಬರಬೇಕಾದರೆ ಬೆಲ್ಲ ಬೇಕು, ಹಣ್ಣು ಬೇಕು. ಎರಡಕ್ಕೂ ಮೊದಲು ನೀರು ಬೇಕು.

ಪೆಂಟಿ ಬೆಲ್ಲದ ಪೇಟೆ

ಮುಧೋಳದಿಂದ ರಬಕವಿಯ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಊರು ಮಹಾಲಿಂಗಪುರ. ಮಹಾಲಿಂಗೇಶ್ವರನ ಗುಡಿಗೆ ಎಷ್ಟು ಹೆಸರೋ ಇಲ್ಲಿಯ ಬೆಲ್ಲದ ಪೇಟೆಗೂ ಅಷ್ಟೇ ಹೆಸರು. ಸುತ್ತಲಿನ ಗಾಣಗಳಿಂದ ಪೆಂಟಿಗಳು ಬಂದು ಇಲ್ಲಿ ಸವಾಲಿಗೆ ನಿಲ್ಲುತ್ತವೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಬೆಂಡೆಗಿಡದ ಲೋಳೆಯಿಂದ ಕೊಳೆಯನ್ನು ಮೇಲೆ ತರಿಸಿ ತೆಗೆದು, ಪಾಕ ಹದಕ್ಕೆ ಬಂದಾಗ ಇಳಿಸಿ, ಅಚ್ಚಿಗೆ ಹಾಕಿದರೆ ಪೆಂಟಿ ಸಿದ್ಧವಾಗುತ್ತದೆ. ಹದ ಒಂದು ಗಳಿಗೆ ಮೀರಿದರೆ ಇಡೀ ಕೊಪ್ಪರಿಗೆ ಕೆಟ್ಟಂತೆ. ಅದನ್ನು ಬಲ್ಲವನಿಗೆ ಗಾಣದಲ್ಲಿ ಯಜಮಾನನಿಗಿಂತ ಹೆಚ್ಚಿನ ಮಾನ.

ಸಮೀರವಾಡಿಯಂಥ ದೊಡ್ಡ ಸಕ್ಕರೆ ಕಾರ್ಖಾನೆಗಳು ಈ ಸೀಮೆಯಲ್ಲಿ ತಲೆಯೆತ್ತಿದ ಮೇಲೆ ಕಬ್ಬಿನ ಗಾಡಿಗಳು ಬಹುಮಟ್ಟಿಗೆ ಅತ್ತ ತಿರುಗಿವೆ. ಉಳಿದ ಗಾಣಗಳಿಗೆ ಇನ್ನೊಂದು ಕಷ್ಟ ನಮ್ಮ ನಗರದ ಗಿರಾಕಿಗಳಿಂದಲೇ ಬಂದಿದೆ. ನಮಗೆ ಬೆಲ್ಲ ಹೊಂಬಣ್ಣದ್ದಾಗಿರಬೇಕು! ಆ ಬಣ್ಣಕ್ಕಾಗಿ ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟನ್ನು, ಅಂದರೆ ಪೇಟೆಯ ಮಾತಿನಲ್ಲಿ ‘ಹೈಡ್ರೋಸ್’ ಪುಡಿಯನ್ನು, ಪಾಕಕ್ಕೆ ಬೆರೆಸುತ್ತಾರೆ. ರಾಸಾಯನಿಕ ಸೋಂಕದ ಬೆಲ್ಲ ಸಾಮಾನ್ಯವಾಗಿ ಕಂದುಬಣ್ಣದ್ದು. ಪಾನಕಕ್ಕೆ ಬೆಲ್ಲ ಕೊಳ್ಳುವ ಗೃಹಿಣಿಯರು ಅಂಗಡಿಯಲ್ಲಿ ಕಂದು ಪೆಂಟಿಯನ್ನೇ ಕೇಳಿದರೆ, ಮನೆಯವರ ಆರೋಗ್ಯಕ್ಕೂ ಹಳೆಯ ಹದ ಬಲ್ಲ ಗಾಣಕ್ಕೂ ಒಂದೇ ಏಟಿಗೆ ಉಪಕಾರ ಮಾಡಿದಂತಾದೀತು.

ಬೆವರಿನ ಸಾಗರ

ಹಣ್ಣಿನ ಕಥೆ ನೀರಿನ ಕಥೆಯಿಂದಲೇ ಪ್ರಾರಂಭವಾಗಬೇಕು. ಜಮಖಂಡಿ ತಾಲ್ಲೂಕಿನ ಕೃಷ್ಣಾ ತೀರದ ರೈತರಿಗೆ ಹೊಳೆ ಕಣ್ಣೆದುರಿಗೇ ಇತ್ತು; ಬೇಸಗೆ ಬಂತೆಂದರೆ ಅದರಲ್ಲಿ ನೀರಿರುತ್ತಿರಲಿಲ್ಲ. ದಡದಲ್ಲಿ ಪಂಪುಗಳು ಸುಮ್ಮನೆ ಕುಳಿತಿರುತ್ತಿದ್ದವು, ಮೇಲೆ ಬೆಳೆ ಒಣಗುತ್ತಿತ್ತು. ಸರಕಾರ ಕಟ್ಟೆ ಕಟ್ಟೀತೆಂದು ಕಾದು ಬೇಸತ್ತ ರೈತರು ಕೊನೆಗೆ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜು ಕಟ್ಟಿದರು. ಅದು 1989ನೆಯ ಇಸವಿ. ಸಿದ್ದು ನ್ಯಾಮಗೌಡರು ಈ ಸಾಹಸದ ಮುಂದಾಳು. ಕಟ್ಟೆಯ ಹಿಂದೆ ನಿಂತ ನೀರಿಗೆ ಜನ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ಹೆಸರಿನಲ್ಲಿಯೇ ಬೆವರಿನ ಹನಿ ಇದೆ. ಎರಡು ವರ್ಷಗಳ ಬಳಿಕ, 1991ರ ಚುನಾವಣೆಯಲ್ಲಿ, ಇದೇ ನ್ಯಾಮಗೌಡರು ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದರೆಂದರೆ, ಆ ಕಟ್ಟೆಗೆ ಜನರ ಮನಸ್ಸಿನಲ್ಲಿ ಎಂಥ ಸ್ಥಾನವಿತ್ತೆಂದು ಊಹಿಸಬಹುದು. 2018ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ನೀರು ನಿಂತ ಮೇಲೆ ನೆಲದ ಬಣ್ಣ ಬದಲಾಯಿತು. ಕಬ್ಬು, ಅರಿಸಿನ ಹಬ್ಬಿದವು. ಸಾವಳಗಿಯ ಕಡೆ ದ್ರಾಕ್ಷಿಯ ಚಪ್ಪರಗಳು, ಅಲ್ಲಲ್ಲಿ ಚಿಕ್ಕು, ಪಪ್ಪಾಯಿ, ದಾಳಿಂಬೆಯ ತೋಟಗಳು ಕಾಣಿಸಿಕೊಂಡವು. ದಾಳಿಂಬೆಯಂತೂ ಜಿಲ್ಲೆಯ ಹೆಮ್ಮೆಯ ಬೆಳೆ. ಆದರೆ ಈ ಶತಮಾನದ ಆರಂಭದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗ ತಗುಲಿ, ಕಾಯಿಯ ಮೇಲೆ ಕಪ್ಪು ಚುಕ್ಕೆ ಮೂಡಿ ಸೀಳತೊಡಗಿದಾಗ, ಸಾಲ ಮಾಡಿ ಬೆಳೆಸಿದ ತೋಟಗಳನ್ನು ರೈತರು ಕೈಯಾರ ಕಿತ್ತು ಸುಡಬೇಕಾಯಿತು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಪ್ರಾರಂಭವಾಯಿತು. ರೋಗವನ್ನು ಬೇರುಸಹಿತ ಕಿತ್ತೊಗೆಯುವ ಮದ್ದು ಇನ್ನೂ ದೊರೆತಿಲ್ಲ. ಸೋಂಕಿಲ್ಲದ ಸಸಿ, ಕತ್ತರಿಯ ಸ್ವಚ್ಛತೆ, ಮಳೆಗಾಲದ ಫಸಲನ್ನು ತಪ್ಪಿಸುವ ಜಾಣತನ, ಇವುಗಳಿಂದ ಅದನ್ನು ಹತೋಟಿಯಲ್ಲಿಡಬೇಕಾಗಿದೆ. ಪೇಟೆಯಲ್ಲಿ ದಾಳಿಂಬೆಯ ಬೆಲೆ ಕೇಳಿ ಹುಬ್ಬೇರಿಸುವ ಮುನ್ನ ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಹೊಲ ಕೊಟ್ಟವರು

ಜಮಖಂಡಿಯವರು ನೀರಿಗೆ ಬೆವರು ಕೊಟ್ಟರೆ, ಬೀಳಗಿಯವರು ನೆಲವನ್ನೇ ಕೊಟ್ಟರು. ಬೀಳಗಿಯ ಅರೆತ್ತಿನ ಬಾವಿಯ ಕಲ್ಲುಗೆಲಸವನ್ನು ನೋಡಿದರೆ, ಹಿಂದಿನವರು ನೀರಿಗೆ ಎಂಥ ಮನೆ ಕಟ್ಟುತ್ತಿದ್ದರೆಂಬುದು ತಿಳಿಯುತ್ತದೆ. ಅದೇ ತಾಲ್ಲೂಕಿನ ಹೊಳೆಸಾಲಿನ ಊರುಗಳ ಮೇಲೆ ಈಗ ಆಲಮಟ್ಟಿಯ ಹಿನ್ನೀರು ನಿಂತಿದೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆ ಅಣೆಕಟ್ಟು ದೂರದೂರದ ಹೊಲಗಳಿಗೆ ನೀರು ಕೊಟ್ಟಿತು. ಇಲ್ಲಿಯ ಫಲವತ್ತಾದ ಕರಿಮಣ್ಣನ್ನು ಮುಳುಗಿಸಿತು. ಮನೆ, ಗುಡಿ, ಗಾಣಗಳನ್ನು ಬಿಟ್ಟು ಜನ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಹೋದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆಯಿತ್ತಿತು. ಹಾಗೆ ಏರಿದರೆ ಇನ್ನಷ್ಟು ಊರುಗಳು ನೀರ ಪಾಲಾಗುತ್ತವೆ. ಹಿತ್ತಿಲಲ್ಲಿ ನಿಂಬೆಯ ಗಿಡವನ್ನು ನೆಡಬೇಕೋ ಬೇಡವೋ ಎಂಬ ಸಣ್ಣ ಪ್ರಶ್ನೆಯೂ ಅಲ್ಲಿಯ ಮನೆಗಳಲ್ಲಿ ದೊಡ್ಡ ಪ್ರಶ್ನೆಯೇ.

ಮಗ್ಗದ ಮನೆಯ ಮಧ್ಯಾಹ್ನ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳಿದರೆ ಊರೇ ಒಂದು ಯಂತ್ರವಿರಬಹುದೇ ಎನ್ನಿಸುತ್ತದೆ. ಹಿಂದೆ ಕೈಮಗ್ಗಗಳ ಲಾಳಿಯ ಸದ್ದು, ಈಗ ಬಹುಪಾಲು ವಿದ್ಯುತ್ ಮಗ್ಗಗಳದ್ದು. ನೇಯ್ಗೆ ಇಲ್ಲಿ ಒಬ್ಬರ ಕೆಲಸವಲ್ಲ. ಯಜಮಾನ ನೇಯ್ದರೆ ಮನೆಯಾಕೆ ಕಂಡಿಕೆ ಸುತ್ತುತ್ತಾಳೆ, ಅಜ್ಜ ನೂಲು ಬಿಡಿಸುತ್ತಾನೆ. ಬೇಸಗೆಯಲ್ಲಿಯೂ ಮಗ್ಗ ನಿಲ್ಲುವಂತಿಲ್ಲ. ನಿಂತರೆ ಆ ದಿನದ ಕೂಲಿಯೂ ನಿಂತಂತೆ. ಇಂಥ ಮನೆಯಲ್ಲಿ ಮಧ್ಯಾಹ್ನ ಒಂದು ದೊಡ್ಡ ಪಾತ್ರೆಯಲ್ಲಿ ಪಾನಕ ಕಲಸಿದರೆ ಅದು ಎಲ್ಲರಿಗೂ ಒಂದೇ: ಮಗುವಿಗೂ ಮುದುಕರಿಗೂ, ಕೂಲಿಗೆ ಬಂದವನಿಗೂ ಬಾಗಿಲಿಗೆ ಬಂದ ನೆಂಟನಿಗೂ. ಅಂದಹಾಗೆ, ಪಾನಕ ಸೋಸುವುದಕ್ಕೆ ತೊಳೆದು ಹಳತಾದ ತೆಳುವಾದ ಹತ್ತಿಬಟ್ಟೆಯಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. ಬಟ್ಟೆಯ ಊರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಮನೆಮಂದಿಗೆಲ್ಲ ಒಂದು ಫಲಪಾನಕ

ಈ ನಾಲ್ಕು ಊರುಗಳ ಸಾಮಗ್ರಿಗಳಿಂದಲೇ, ಆರು ಜನರಿಗಾಗುವಷ್ಟು ಪಾನಕ ಮಾಡುವ ಕ್ರಮವನ್ನು ಕೆಳಗೆ ಕೊಟ್ಟಿದೆ.

ಬೇಕಾದ ಸಾಮಗ್ರಿ: ಕಂದುಬಣ್ಣದ ಬೆಲ್ಲ 120 ಗ್ರಾಂ, ಕುಡಿಯುವ ನೀರು 1 ಲೀಟರು, ದೊಡ್ಡ ದಾಳಿಂಬೆ 3, ಚೆನ್ನಾಗಿ ಕಳಿತ ಪಪ್ಪಾಯಿಯ ಹೋಳು 2 ಬಟ್ಟಲು, ನಿಂಬೆಹಣ್ಣು 2, ಹಸಿಶುಂಠಿ ಅರ್ಧ ಅಂಗುಲ, ಏಲಕ್ಕಿ 3, ಉಪ್ಪು ಒಂದು ಚಿಟಿಕೆ.

ಮಾಡುವ ಕ್ರಮ: ಬೆಲ್ಲವನ್ನು ಕುಟ್ಟಿ, ಒಂದು ಲೋಟ ನೀರಿನಲ್ಲಿ ಕುದಿಸಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಗಾಣದ ಬೆಲ್ಲದಲ್ಲಿ ಕಬ್ಬಿನ ಸಿಪ್ಪೆಯೋ ಮರಳೋ ಇರುವುದುಂಟು. ಕುದಿಸಿ ಸೋಸಿದರೆ ಆ ಚಿಂತೆಯಿಲ್ಲ. ಉಳಿದ ನೀರನ್ನು ಮಣ್ಣಿನ ಕೊಡದಲ್ಲಿ ತಂಪುಮಾಡಿ ಸೇರಿಸಿ. ದಾಳಿಂಬೆಯ ಕಾಳುಗಳನ್ನು ಬಿಡಿಸಿ, ಒಂದು ಹಿಡಿಯನ್ನು ತೆಗೆದಿಟ್ಟು, ಉಳಿದುದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಮಿಕ್ಸರಿಗೆ ಹಾಕುವುದಾದರೆ ಕ್ಷಣಮಾತ್ರ ತಿರುಗಿಸಿದರೆ ಸಾಕು. ಬೀಜ ಅರೆದುಹೋದರೆ ರಸ ಒಗರಾಗುತ್ತದೆ. ಪಪ್ಪಾಯಿಯ ಒಂದು ಬಟ್ಟಲನ್ನು ನುಣ್ಣಗೆ ಕಿವುಚಿ ಬೆಲ್ಲದ ನೀರಿಗೆ ಕಲಸಿ, ದಾಳಿಂಬೆಯ ರಸ ಹಾಕಿ, ಜಜ್ಜಿದ ಶುಂಠಿಯ ರಸ, ಏಲಕ್ಕಿ ಪುಡಿ, ಉಪ್ಪು ಸೇರಿಸಿ. ನಿಂಬೆಯನ್ನು ಎಲ್ಲಕ್ಕೂ ಕೊನೆಯಲ್ಲಿ, ಪಾನಕ ಪೂರ್ತಿ ತಣ್ಣಗಿರುವಾಗ ಹಿಂಡಿ. ಬಿಸಿಗೆ ಬಿದ್ದರೆ ಅದರ ಪರಿಮಳವೂ ಸಿ ಜೀವಸತ್ವವೂ ಕುಂದುತ್ತವೆ. ಉಳಿದ ಪಪ್ಪಾಯಿಯ ಹೋಳು, ದಾಳಿಂಬೆಯ ಕಾಳುಗಳನ್ನು ಲೋಟಗಳಿಗೆ ಹಂಚಿ, ಮೇಲೆ ಪಾನಕ ಸುರಿಯಿರಿ.

ಆ ಒಂದು ಚಿಟಿಕೆ ಉಪ್ಪನ್ನು ಮರೆಯಬೇಡಿ. ಬೆವರಿನೊಂದಿಗೆ ಹೋದ ಉಪ್ಪು ಸ್ವಲ್ಪ ಮರಳುವುದಲ್ಲದೆ, ಸಿಹಿಯೂ ಉಪ್ಪೂ ಒಟ್ಟಿಗಿದ್ದಾಗ ಕರುಳು ನೀರನ್ನು ಬೇಗ ಹೀರಿಕೊಳ್ಳುತ್ತದೆ. ಆದರೆ ವಾಂತಿ ಭೇದಿಯಾದಾಗ ಪಾನಕವನ್ನು ನಂಬಿ ಕೂಡಬಾರದು. ಅದಕ್ಕೆ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯೇ ಬೇಕು.

ದಾಳಿಂಬೆ ದುಬಾರಿಯಾದ ದಿನ ಅರ್ಧ ಕಿಲೋ ಕಪ್ಪು ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಬಹುದು. ಬನವಾಸಿ ಕಡೆಯ ಅನಾನಸು ಸಿಕ್ಕಿದರೆ ನಿಂಬೆ ಒಂದೇ ಸಾಕು. ಚಿಕ್ಕುವಿಗೆ ಮಾತ್ರ ನಿಂಬೆ ಒಗ್ಗದು. ಅದನ್ನು ತಣ್ಣನೆಯ ಹಾಲಿನೊಂದಿಗೆ ಬೇರೆಯಾಗಿಯೇ ಮಾಡಿರಿ. ಅನಾನಸನ್ನೂ ಪಪ್ಪಾಯಿಯನ್ನೂ ಹಾಲಿಗೆ ಹಾಕಿ ಇಟ್ಟರೆ ಅವುಗಳಲ್ಲಿರುವ ಕಿಣ್ವಗಳಿಂದ ಹಾಲು ಕಹಿಯಾಗುತ್ತದೆ. ಮಧುಮೇಹವಿರುವ ಹಿರಿಯರಿಗೆ ಬೆಲ್ಲವಾದರೆ ಬಾಧೆಯಿಲ್ಲವೆಂಬ ಮಾತು ಸರಿಯಲ್ಲ, ಬೆಲ್ಲವೂ ಸಕ್ಕರೆಯೇ. ಅವರಿಗೆಂದು ಬೆಲ್ಲ ಹಾಕುವ ಮೊದಲೇ ನಿಂಬೆ, ಶುಂಠಿ, ಉಪ್ಪಿನ ಒಂದು ಲೋಟವನ್ನು ಬೇರೆ ಕಲಸಿ, ನಾಲ್ಕು ದಾಳಿಂಬೆಯ ಕಾಳು ತೇಲಿಸಿ ಕೊಟ್ಟರೆ ಪಂಕ್ತಿಭೇದವೂ ಆಗದು. ಕಲಸಿದ ಪಾನಕವನ್ನು ಅಂದೇ ಮುಗಿಸಬೇಕು. ಬೇಸಗೆಯ ಸೆಖೆಯಲ್ಲಿ ಮರುದಿನಕ್ಕೆ ಹುಳಿಯೊಡೆಯುತ್ತದೆ. ಆರು ಜನರ ಅಳತೆಗೆ ಒಂದು ಲೋಟ ಹೆಚ್ಚೇ ಮಾಡಿಟ್ಟರೆ ಆ ಸೀಮೆಯ ರೀತಿಗೆ ಒಪ್ಪುತ್ತದೆ. ಬಿಸಿಲಿನಲ್ಲಿ ಯಾರಾದರೂ ಬಾಗಿಲಿಗೆ ಬಂದೇ ಬರುತ್ತಾರೆ.