ಕಾಲು ಸುತ್ತಿನ ತಕರಾರು

ಫಿಗರ್ ಸ್ಕೇಟಿಂಗ್‌ನ ದೊಡ್ಡ ಜಗಳಗಳಲ್ಲಿ ಅರ್ಧದಷ್ಟಾದರೂ ಕಾಲು ಸುತ್ತಿಗಾಗಿಯೇ ನಡೆಯುತ್ತವೆ ಅನ್ನಿಸುತ್ತದೆ ನನಗೆ. ಹಾರಿದವರು ನೆಲ ಮುಟ್ಟುವಾಗ ಕಾಲು ಸುತ್ತಿಗಿಂತ ಜಾಸ್ತಿ ಬಾಕಿ ಉಳಿದಿದ್ದರೆ ಅಂಕಪಟ್ಟಿಯಲ್ಲಿ ಆ ಜಿಗಿತದ ಪಕ್ಕ ಬಾಣದ ಮೊನೆಯಂಥ ಒಂದು ಗುರುತು ಬೀಳುತ್ತದೆ. ಮೂಲ ಅಂಕದಲ್ಲಿ ಶೇ. 80 ಮಾತ್ರ ಉಳಿಯುತ್ತದೆ. ಅರ್ಧ ಸುತ್ತೋ ಅದಕ್ಕಿಂತ ಹೆಚ್ಚೋ ಬಾಕಿಯಿದ್ದರೆ ಎರಡು ಗುರುತು. ಆಗ ನಾಲ್ಕು ಸುತ್ತಿನ ಜಿಗಿತಕ್ಕೆ ಮೂರು ಸುತ್ತಿನದರ ಬೆಲೆ. 2010ರವರೆಗೆ ನಿಯಮ ಇನ್ನೂ ಬಿಗಿಯಾಗಿತ್ತು. ಕಾಲು ಸುತ್ತು ದಾಟಿ ಕಡಿಮೆಯಾದರೆ ಸಾಕು, ಮೂರರ ಜಿಗಿತ ನೇರ ಎರಡಕ್ಕೆ ಇಳಿಯುತ್ತಿತ್ತು.

ವಿಟ್ಲದ ಕಡೆ ಆಟ ನೋಡುತ್ತ ಬೆಳೆದ ನನಗೆ ಸುತ್ತು ಎಣಿಸುವ ಚಟ ಮೊದಲಿನಿಂದಲೂ ಇದೆ. ಪುಂಡುವೇಷದವರು ಧೀಂಗಿಣ ಹೊಡೆಯುವಾಗ ಬಯಲಲ್ಲಿ ಕೂತವರೆಲ್ಲ ಎಣಿಸುತ್ತಿದ್ದರು. ಆದರೆ ಕಾಲು ಸುತ್ತು ಕಮ್ಮಿಯಾಯಿತು ಅಂತ ಯಾರೂ ಭಾಗವತರ ಹತ್ತಿರ ತಕರಾರು ತೆಗೆದದ್ದು ನೋಡಿಲ್ಲ.

ಲೋಣಾವಳಾಕ್ಕೆ ಬಂದು ಆರು ವರ್ಷವಾಯಿತು. ಇಲ್ಲಿ ಐಸ್ ಎಲ್ಲಿಂದ ಬರಬೇಕು? ಮಗಳದ್ದು ರೋಲರ್ ಸ್ಕೇಟ್. ಹನ್ನೊಂದು ವರ್ಷದವಳು. ವಾರಕ್ಕೆರಡು ಸಲ ಲೋಕಲ್ ಹಿಡಿದು ಪುಣೆಗೆ ಹೋಗುತ್ತೇವೆ. ಅವಳ ಮರಾಠಿ ಸರ್ ಕೂಡ 'ಗಿರಕೀ' ಅಂತಲೇ ಹೇಳುವುದರಿಂದ ಆ ಒಂದು ಪದಕ್ಕೆ ಅನುವಾದ ಬೇಕಾಗಲಿಲ್ಲ.

ಹೋದ ವರ್ಷ ಪುಣೆಯ ಒಂದು ಸ್ಪರ್ಧೆಯಲ್ಲಿ ಆಕ್ಸೆಲ್ ಹಾರಿದಳು. ಉಳಿದ ಜಿಗಿತಗಳಂತಲ್ಲ ಇದು, ಮುಂದಕ್ಕೆ ನೋಡುತ್ತ ಹಾರಿ ಹಿಂದಕ್ಕೆ ಇಳಿಯಬೇಕು. ಹಾಗಾಗಿ ಒಂದರ ಆಕ್ಸೆಲ್ ಅಂದರೆ ಒಂದೂವರೆ ಸುತ್ತು. ಇಳಿದಳು, ನಿಂತಳು, ಕೈ ಅಗಲಿಸಿ ನಕ್ಕಳು. ಅಂಕಪಟ್ಟಿಯಲ್ಲಿ 'ಸುತ್ತು ಅಪೂರ್ಣ'. ಆ ಒಂದು ಗುರುತಿಗೆ ಮೂರನೆಯ ಸ್ಥಾನ ಹೋಯಿತು. ನನ್ನ ಫೋನಿನ ವೀಡಿಯೊದಲ್ಲಿ ಸುತ್ತು ಪೂರ್ತಿ ಇದೆ. ಎದುರು ಬದಿಯಿಂದ ತೆಗೆದಿದ್ದವರು ಲೋಕಲ್‌ನಲ್ಲಿ ಪರಿಚಯವಾದ ಸೊಲ್ಲಾಪುರದ ಅಕ್ಕ, ಅವರ ಮಗಳೂ ಅಲ್ಲೇ ಕಲಿಯುತ್ತಾಳೆ. ತಮ್ಮ ಫೋನು ನಿಲ್ಲಿಸಿ ತೋರಿಸಿದರು: "ನೋಡ್ರಿ, ಗಾಲಿ ನೆಲಕ್ಕ ಹತ್ತಿದಾಗ ಹುಡುಗಿ ಇನ್ನೂ ಅಡ್ಡ ಅದಾಳ." ಹೌದು, ಅದರಲ್ಲಿ ಅಡ್ಡವೇ ಇದ್ದಳು. ಒಂದೇ ಗಳಿಗೆ, ಎರಡು ಫೋನು, ಎರಡು ತೀರ್ಪು. ತಂದೆತಾಯಂದಿರ ವೀಡಿಯೊ ನೋಡುವುದಿಲ್ಲ ಎಂದರು ಆಯೋಜಕರು. ಐಸ್ ಸ್ಕೇಟಿಂಗ್‌ನ ಅಂತರರಾಷ್ಟ್ರೀಯ ನಿಯಮವೂ ಹೆಚ್ಚುಕಮ್ಮಿ ಅದೇ. ಕೂಡಿಸಿದ ಲೆಕ್ಕ ತಪ್ಪಿದ್ದರೆ ದೂರು ಕೊಡಬಹುದು, ಕಣ್ಣಿನ ತೀರ್ಮಾನದ ಮೇಲೆ ಕೊಡುವಂತಿಲ್ಲ.

ಆ ರಾತ್ರಿ ಅವಳಿಗೆ ಯುಜುರು ಹನ್ಯು ಕಥೆ ಹೇಳಿದೆ. ನಾಲ್ಕರ ಆಕ್ಸೆಲ್, ಅಂದರೆ ನಾಲ್ಕೂವರೆ ಸುತ್ತು. ಅದನ್ನು ಆವರೆಗೆ ಸ್ಪರ್ಧೆಯಲ್ಲಿ ಯಾರೂ ಸರಿಯಾಗಿ ಇಳಿದಿರಲಿಲ್ಲ. 2021ರ ಡಿಸೆಂಬರಿನಲ್ಲಿ ಜಪಾನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹನ್ಯು ಬೀಳದೆ ಎರಡು ಕಾಲಲ್ಲಿ ಇಳಿದ. ಎರಡು ಗುರುತು ಬಿತ್ತು, ಮೂರರ ಆಕ್ಸೆಲ್ ಎಂದು ಲೆಕ್ಕ. 2022ರ ಫೆಬ್ರವರಿ 10ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿದ್ದ. ಆದರೆ ಗುರುತು ಒಂದೇ! ಮೂಲ ಅಂಕ 12.50 ಇದ್ದದ್ದು 10ಕ್ಕೆ ಇಳಿಯಿತು, ಬಿದ್ದದ್ದಕ್ಕೆ ಅದರಲ್ಲೂ ಅರ್ಧ ಹೋಯಿತು. ಅಂಕದಲ್ಲಿ ನಷ್ಟವೇ, ಒಟ್ಟಾರೆ ನಾಲ್ಕನೆಯ ಸ್ಥಾನ. ಆದರೂ ಆ ಜಿಗಿತ ಮೊದಲ ಸಲ ನಾಲ್ಕರ ಆಕ್ಸೆಲ್ ಎಂದೇ ಲೆಕ್ಕಕ್ಕೆ ಬಂತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಇಲಿಯಾ ಮಲಿನಿನ್ ಲೇಕ್ ಪ್ಲಾಸಿಡ್‌ನಲ್ಲಿ ಅದನ್ನು ಚೊಕ್ಕವಾಗಿ ಇಳಿದ.

"ಅವನಿಗೆ ಬಿದ್ರೂ ಒಂದೇ ಗುರುತು, ನನಗೆ ನಿಂತ್ರೂ ಗುರುತಾ ಅಮ್ಮ?" ಎಂದಳು.

ಗುರುತಿನ ಮೇಲೆ ನನಗೆ ಜಗಳವಿಲ್ಲ. ಸುತ್ತು ಎಣಿಸದಿದ್ದರೆ ಅರ್ಧ ತಿರುಗಿದವರೂ ಪೂರ್ತಿ ತಿರುಗಿದವರೂ ಒಂದೇ ಆಗಿಬಿಡುತ್ತಾರೆ. ಜಗಳ ಇರುವುದು ಎಣಿಸುವವರು ಕೂತ ಜಾಗದ ಮೇಲೆ. ದೊಡ್ಡ ಸ್ಪರ್ಧೆಗಳಲ್ಲಿ ಮೂವರ ತಾಂತ್ರಿಕ ತಂಡ ವೀಡಿಯೊವನ್ನು ನಿಧಾನ ಮಾಡಿ ನೋಡುತ್ತದೆ ನಿಜ. ಆದರೆ ವರ್ಷಗಟ್ಟಲೆ ಆ ವೀಡಿಯೊ ಸಾಮಾನ್ಯವಾಗಿ ಒಂದೇ ಕ್ಯಾಮೆರಾದ್ದು. ಇಳಿಯುವ ಕಾಲು ಆ ಕ್ಯಾಮೆರಾಗೆ ಯಾವ ಓರೆಯಲ್ಲಿ ಕಂಡಿತು ಎನ್ನುವುದು ಆಟಗಾರರ ಕೈಯಲ್ಲಿಲ್ಲ. ಅನುಮಾನವಿದ್ದರೆ ಅದರ ಲಾಭ ಆಟಗಾರರಿಗೇ ಕೊಡಬೇಕೆಂದು ತಂಡದ ಕೈಪಿಡಿ ಹೇಳುತ್ತದೆ. ಒಂದೇ ಕಡೆಯಿಂದ ನೋಡಿದವರಿಗೆ ಅನುಮಾನವಾದರೂ ಎಲ್ಲಿಂದ ಬರಬೇಕು?

ಈಗ ಮಳೆಗಾಲ. ಲೋಣಾವಳಾದ ಮಳೆ ಗೊತ್ತಲ್ಲ, ಹೊರಗೆ ಕಾಲಿಡುವಂತಿಲ್ಲ. ನಮ್ಮ ಕಟ್ಟಡದ ಪಾರ್ಕಿಂಗಿನಲ್ಲೇ ಅಭ್ಯಾಸ. ಭಾನುವಾರ ಸೊಲ್ಲಾಪುರದ ಅಕ್ಕ ಬಂದರೆ ಆ ಕಂಬದ ಹತ್ತಿರ ಅವರ ಫೋನು, ಈ ಕಂಬದ ಹತ್ತಿರ ನನ್ನದು. ಹೋದ ವಾರದ ಒಂಬತ್ತು ಆಕ್ಸೆಲ್‌ಗಳಲ್ಲಿ ಎರಡೂ ಫೋನು ಒಪ್ಪಿದ್ದು ನಾಲ್ಕನ್ನು. ಮಗಳು ಸ್ಕೇಟ್ ಬಿಚ್ಚುವ ಮೊದಲೇ ಓಡಿ ಬಂದು ನೋಡುವುದು ಅಕ್ಕನ ಫೋನನ್ನು.